ಹಿತ್ತಾಳೆ ಕೊಂಬು, ಕಾಗೆಬಂಗಾರದ ಬಿಲ್ಲೆ

೧೨ ಆಗಸ್ಟ್ ೧೯೪೩, ಗುರುವಾರ

ಬೆಳಿಗ್ಗೆ ಮಂಡ್ಯಕ್ಕೆ. ನಮ್ಮೂರು ಹೊಳಲಿಂದ ನಡೆದೇ ಹೋದೆ. ಸೀಮೆಎಣ್ಣೆ ಬಂದಿಲ್ಲವಂತೆ, ನಾಳೆ ಬಾ ಅಂದ ಅಂಗಡಿಯವ. ನಾಳೆ ಅನ್ನೋದನ್ನ ಕೇಳಿ ಕೇಳಿ ಸಾಕಾಗಿದೆ. ಮಂಡಿ ನೋವು. ಬರುವಾಗ ನಯಾಜ್ ಪಾಷಾನ ಅಂಗಡಿ ಮೆಟ್ಟಿಲ ಮೇಲೆ ಕೂತೆ. ಹೊಲಿಗೆ ಮಿಷನ್ನು, ಪೆಟ್ರೊಮ್ಯಾಕ್ಸು, ಗಡಿಯಾರ, ಗ್ರಾಮಫೋನು... ಪೇಟೆಯಲ್ಲಿ ಕೆಟ್ಟಿದ್ದೆಲ್ಲ ಅಲ್ಲಿಗೆ ಬಂದು ಕೂರುತ್ತೆ. ನನ್ನ ಹಾಗೆ.

ಇಡೀ ಗ್ರಾಮಫೋನು ಕೊಳ್ಳೋ ಆಸೆ ಬಿಟ್ಟಾಯ್ತು. ಮೈಸೂರಲ್ಲಿ ಹಳೇದಕ್ಕೇ ನೂರಿಪ್ಪತ್ತು. ನನ್ನ ಹತ್ತಿರ ಇರೋದು ಬೆಲ್ಲ ಮಾರಿದ ಅರವತ್ತು. ಪಾಷಾ ಅಂದ — "ಬಿಡಿ ಬಿಡಿಯಾಗಿ ಆರಿಸ್ಕಳಿ ಸಿದ್ದಯ್ಯಣ್ಣ. ಒಂದರ ಹೊಟ್ಟೆ, ಇನ್ನೊಂದರ ಬಾಯಿ. ಜೋಡ್ಸೋದು ನನ್ನ ಕೆಲಸ. ಹುಟ್ಟೋ ಮಗು ಯಾರ ಥರ ಇರ್ತದೋ ಅಲ್ಲಾನೇ ಬಲ್ಲ."

ಇವತ್ತು ಹೊಟ್ಟೆ ಆರಿಸಿದೆ. ಮೋಟಾರು ಎರಡು ತೋರಿಸಿದ. ಎರಡು ಸ್ಪ್ರಿಂಗಿನದು ಒಂದು ಸಲ ಕೀ ಕೊಟ್ಟರೆ ಎರಡು ಪ್ಲೇಟು ಓಡುತ್ತೆ. ಒಂದು ಸ್ಪ್ರಿಂಗಿನದಕ್ಕೆ ಪ್ಲೇಟಿಗೊಂದು ಸಲ ಕೀ. ಒಂದರದ್ದೇ ತಗೊಂಡೆ. ಕೀ ಕೊಡೋಕೆ ನನಗಿನ್ನೇನು ಕೆಲಸ? ಹನ್ನೆರಡು ವರ್ಷ ನಾಲೆಯಲ್ಲಿ ನೀರು ಬಿಡೋ ಸೌಡಿಯಾಗಿ ತೂಬು ತೆಗೆದು ಮುಚ್ಚಿದ ಕೈ. ಹೋದ ವರ್ಷ ಆ ಕೆಲಸವೂ ಬಿಟ್ಟಿತು.

ಹೆಂಡತಿ ಮುದ್ದಮ್ಮನಿಗೆ ಹೇಳಿಲ್ಲ. ಹೇಳಿದರೂ ಮೂರು ಸಲ ಹೇಳಬೇಕು.

೧೫ ಆಗಸ್ಟ್, ಭಾನುವಾರ, ಮಧ್ಯಾಹ್ನ

ಮಳವಳ್ಳಿಯಿಂದ ಮಗಳು ಚಲುವಮ್ಮನ ಕಾಗದ. ಮೊಮ್ಮಗಳು ಸಣ್ಣತಾಯಿಗೆ ಗಂಡು ಗೊತ್ತಾಯ್ತಂತೆ. ಮಾಘದಲ್ಲಿ ಮದುವೆ. "ಅಮ್ಮ ಬಂದು ಸೋಬಾನೆ ಎತ್ತಬೇಕು. ಅವಳು ಎತ್ತದ ಮದುವೆ ಮದುವೆಯಾ ಅಂತ ಅತ್ತೆಯೋರೇ ಕೇಳ್ತಾವ್ರೆ."

ಕಾಗದ ಓದಿ ಹೇಳಿದೆ. ಎರಡು ಸಲ. ಮುದ್ದಮ್ಮ ರಾಗಿ ಬೀಸ್ತಾ ಇದ್ದವಳು ಗೂಟ ಬಿಡಲಿಲ್ಲ. ಮೆಲ್ಲಗೆ ಅಂದಳು — "ನಾನು ಒಂದು ಕಡೆ ಎಳೆಯೋದು, ಅವರು ಒಂದು ಕಡೆ ಎಳೆಯೋದು. ಯಾಕೆ ಬೇಕು?"

ಅದೇ ಆದದ್ದು ಹೋದ ವರ್ಷ. ಪಟೇಲರ ಮನೆ ಮದುವೆಯಲ್ಲಿ ಇವಳು ಪದ ಎತ್ತಿದಳು, ಹಿಂದೆ ಹೇಳೋ ಹೆಂಗಸರದ್ದು ಇವಳಿಗೆ ಕೇಳಿಸಲಿಲ್ಲ. ಅವರು ಮುಗಿಸೋ ಮುಂಚೆಯೇ ಮುಂದಿನದು ಎತ್ತಿಬಿಟ್ಟಳು. ಯಾರೋ ಒಬ್ಬಳು ಕಿಸಕ್ಕಂದಳು. ಕಿಸಕ್ಕಂದದ್ದು ಕೇಳಿಸಲಿಲ್ಲ, ಕಾಣಿಸಿತು. ಎಲೆಯಡಿಕೆ ತಟ್ಟೆ ಕೆಳಗಿಟ್ಟು ಎದ್ದು ಬಂದವಳು ಆಮೇಲೆ ಯಾರ ಮದುವೆಗೂ ಹೋಗಿಲ್ಲ. ನಲವತ್ತು ವರ್ಷ ಈ ಊರಿನ ಹಸೆಮಣೆ ಇವಳ ದನಿ ಕೇಳಿ ಎದ್ದಿದೆ.

ಡಾಕ್ಟರಿಗೆ ತೋರಿಸಿದ್ದೆ. ವಯಸ್ಸಾಯ್ತು, ಹೋಗಿ ಅಂದರು.

ನಾನು ಇಸ್ಕೂಲಿಗೆ ಹೋದವನಲ್ಲ. ನಾಲೆಯ ಗೇಜು ನೋಡ್ತಾ ಅಂಕಿ ಕಲಿತೆ, ಅಂಕಿ ಆದ ಮೇಲೆ ಅಕ್ಷರ. ನನಗೆ ತಿಳಿದಿರೋದು ನೀರು ಒಂದೇ. ಹೂಳು ತುಂಬಿದ ಕಾಲುವೆಗೆ ಸಣ್ಣ ನೀರು ಬಿಟ್ಟರೆ ಇನ್ನೂ ಹೂಳು. ಜೋರಾಗಿ ಬಿಟ್ಟರೆ ನುಗ್ಗಿ ತೆರೆದುಕೊಳ್ಳುತ್ತೆ. ಕಿವಿಯೂ ಹಂಗೇ ಇರಬೇಕು. ಹೋದ ತಿಂಗಳು ಪಾಷಾನ ಅಂಗಡಿಯಲ್ಲಿ ಗ್ರಾಮಫೋನು ಪರೀಕ್ಷೆ ಮಾಡ್ತಿದ್ದಾಗ ಇವಳು ಕೊಂಬಿನ ಪಕ್ಕದಲ್ಲೇ, ಮೇಜಿಗೆ ಗದ್ದ ಊರಿ ಕೂತಿದ್ದಳು. ತಲೆ ಎತ್ತಿ "ಯಾರೋ ಹಾಡ್ತಾವ್ರಲ್ಲ" ಅಂದಳು. ಅಷ್ಟು ಸಾಕಾಯ್ತು ನನಗೆ. ದಿನಾ ಎರಡು ಹೊತ್ತು ಜೋರಾಗಿ ಬಿಟ್ಟರೆ ಮಾಘದ ಹೊತ್ತಿಗೆ ತೆರೆದೀತು.

ಮಗಳಿಗೆ ಬರೆದೆ — ಅಮ್ಮ ಸೌಖ್ಯ. ಬರ್ತಾಳೆ. ಹಾಡ್ತಾಳೆ.

೧೯ ಆಗಸ್ಟ್, ಗುರುವಾರ

ಮತ್ತೆ ಮಂಡ್ಯ. ಇವತ್ತು ಸೌಂಡ್ ಬಾಕ್ಸು. ಅಂಗೈಯಗಲದ ದುಂಡು ಡಬ್ಬಿ. ಪ್ಲೇಟಿನ ಮೇಲೆ ಮುಳ್ಳು ಓಡುತ್ತಲ್ಲ, ಅದರ ನಡುಕ ಈ ಡಬ್ಬಿಯೊಳಗಿನ ಬಿಲ್ಲೆಗೆ ಮುಟ್ಟಿ ದನಿಯಾಗುತ್ತೆ. ಒಂದರಲ್ಲಿ ಕಾಗೆಬಂಗಾರದ ಬಿಲ್ಲೆ, ಇನ್ನೊಂದರಲ್ಲಿ ಅಲ್ಯೂಮಿನಿಯಮ್ಮು. ಎರಡರಲ್ಲೂ ಒಂದೇ ಪ್ಲೇಟು ಹಾಕಿಸಿ ಕೇಳಿದೆ. ಕಾಗೆಬಂಗಾರದ್ದು ಪಕ್ಕದಲ್ಲಿ ಕೂತು ಹಾಡಿದ ಹಾಗೆ. ಅಲ್ಯೂಮಿನಿಯಮ್ಮಿನದು ಏರಿ ಮೇಲೆ ನಿಂತು ಕೂಗಿದ ಹಾಗೆ.

ಪಾಷಾನ ತಾಯಿ ಸುಲ್ತಾನ್ ಬೀ ಪರದೆ ಹಿಂದೆ ಎಲೆ ಕುಟ್ಟುತ್ತಾ ಕೂತಿತ್ತು. ಅಲ್ಲಿಂದಲೇ ಅಂತು — "ಎರಡನೇದು ತಕಾಬ್ಯಾಡಿ. ಅದು ಜಗಳಕ್ಕೆ ಬತ್ತದೆ."

"ನನಗೆ ಜಗಳವೇ ಬೇಕು ಬೀಬಮ್ಮ" ಅಂದೆ. ಅಲ್ಯೂಮಿನಿಯಮ್ಮು ತಗೊಂಡೆ.

ಮುಳ್ಳಿನ ಡಬ್ಬಿಗೆ ಯುದ್ಧದ ರೇಟು, ಮೂರರಷ್ಟು. ಹಳೇ ಮುಳ್ಳನ್ನೇ ಸಾಣೆಕಲ್ಲಿಗೆ ಉಜ್ಜಿಕೊಡ್ತೀನಿ ಅಂದ ಪಾಷಾ. ಸರಿ.

೨ ಸೆಪ್ಟೆಂಬರ್, ಗುರುವಾರ

ಕೊಂಬು. ತಗಡಿನದು ಆರು ರೂಪಾಯಿ. ಹಿತ್ತಾಳೆಯದು ಇಪ್ಪತ್ತೆಂಟು — ಮುಚ್ಚಿಹೋದ ಯಾವುದೋ ನಾಟಕದ ಕಂಪನಿಯದು, ದತ್ತೂರಿ ಹೂವಿನ ಹಂಗೆ ಅರಳಿದೆ, ಒಳಗೆ ಕೂಸು ಮಲಗಿಸಬಹುದು. ಪಾಷಾ ಬೇಡ ಅಂದ. ನನ್ನ ಮೋಟಾರಿನ ಪೆಟ್ಟಿಗೆಗೆ ಇದು ಭಾರ, ಕೊಂಬು ಆತುಕೊಳ್ಳೋ ಮರದ ಹಿಡಿಕೆ ಕೂರೋದಿಲ್ಲ, ಹುರಿ ಬಿಗಿದು ಕಟ್ಟಬೇಕು, ಆಗಾಗ ಸಡಿಲ ಆಗುತ್ತೆ.

"ಅರೆ, ಕುರಿಗೆ ಆನೆ ಸೊಂಡ್ಲು ಕಟ್ತೀರಲ್ಲ ಅಣ್ಣ!"

ಕಟ್ಟು ಅಂದೆ. ಅರವತ್ತೂ ಮುಗೀತು. ಪೆಟ್ಟಿಗೆಯ ಮರಕ್ಕೆ ದುಡ್ಡಿಲ್ಲ. ಪ್ಯಾಕಿಂಗಿನ ಮಾವಿನ ಹಲಗೆಯಲ್ಲೇ ಆಗಲಿ.

ಮೂರು ಗಂಟೆ ಬಿಸಿಲಲ್ಲಿ ನಡೆದು ಬಂದೆ. ಮುದ್ದಮ್ಮ ನೀರು ಕೊಟ್ಟು ಮುಖ ನೋಡಿದಳು. ಎಲ್ಲಿಗೆ ಹೋಗಿದ್ದೆ ಅಂತ ಕೇಳಲಿಲ್ಲ. ಕೇಳಿದರೆ ಉತ್ತರ ಕೇಳಿಸಬೇಕಲ್ಲ.

ಒಂದು ಮಾತು ಇಲ್ಲಿ ಬರೆದಿಡ್ತೀನಿ, ಯಾರಿಗೂ ಅಂದಿಲ್ಲ. ಕಿವುಡರು ಕೂಗಿ ಮಾತಾಡ್ತಾರೆ. ಪಕ್ಕದ ಮನೆ ಮಂಚಮ್ಮನ ಮಾವ ಹಂಗೇ ಕೂಗ್ತಿದ್ದ. ಇವಳದ್ದು ಉಲ್ಟಾ. ದಿನ ದಿನಕ್ಕೆ ದನಿ ಇಳೀತಾ ಇದೆ, ಪಿಸುಮಾತು. ಒಂದೊಂದು ಸಲ ಅನುಮಾನ ಬರುತ್ತೆ... ನಿಜಕ್ಕೂ ಕೇಳೋದಿಲ್ವೋ? ನನ್ನ ಮಾತೇ ಬೇಡವಾಗಿದೆಯೋ?

೧೩ ಅಕ್ಟೋಬರ್, ಬುಧವಾರ

ಬರೆಯೋಕೆ ಕೈ ಬರ್ತಿಲ್ಲ. ಆದರೂ ಬರೀಬೇಕು.

ಸೋಮವಾರ ಸಣ್ಣತಾಯಿಯ ವೀಳ್ಯಶಾಸ್ತ್ರ. ಭಾನುವಾರವೇ ಹೊರಟೆವು. ಮಂಡ್ಯದಿಂದ ಇದ್ದಿಲು ಗ್ಯಾಸಿನ ಬಸ್ಸು. ಹಿಂದೆ ಡ್ರಮ್ಮು, ಹೊಗೆ, ಕಿಟಕಿ ತಗಡೆಲ್ಲ ಗಡಗಡ. ಏರು ಬಂದರೆ ಇಳಿದು ತಳ್ಳಬೇಕು. ಮದ್ದೂರಲ್ಲಿ ಬೆಳಕವಾಡಿಯ ಬೆಲ್ಲದ ವ್ಯಾಪಾರಿಯೊಬ್ಬ ಹತ್ತಿ ಪಕ್ಕದಲ್ಲಿ ಕೂತ. ಮುದ್ದಮ್ಮನನ್ನ ಏನೋ ಕೇಳಿದ. ಇವಳು ಕಿಟಕಿ ಕಡೆ ನೋಡ್ತಿದ್ದಳು.

"ಅಜ್ಜಿಗೆ ಕಿವಿ ಕೇಳಾಕಿಲ್ವಾ?" ಅಂದ.

"ಕೇಳಾಕಿಲ್ಲ. ಮೂಟೆ ಹೊತ್ತಂಗೆ ಹೊತ್ಕಂಡು ಹೋಯ್ತಾ ಇವ್ನಿ" ಅಂದೆ.

ಮುದ್ದಮ್ಮ ಈ ಕಡೆ ತಿರುಗಿದಳು. "ಮೂಟೆಯಾ? ಇಳಿಸಿಬುಡು ಇಲ್ಲೇ. ಹೊರೋ ಕೂಲಿ ಉಳೀತದೆ."

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರು "ಮೂಟೆಗೆ ಅರ್ಧ ಟಿಕೀಟು ಕಣಜ್ಜಿ, ಮೊದ್ಲೇ ಹೇಳ್ಬಾರ್ದಾ!" ಅಂದ. ಮತ್ತೆ ನಗು. ನನಗೆ ಮೈಯೆಲ್ಲ ಉರಿ. ಕೇಳಿಸ್ತು! ಒಂದು ಅಕ್ಷರ ಬಿಡದಂಗೆ ಕೇಳಿಸ್ತು! ಮನೆಯಲ್ಲಿ ಮೂರು ಸಲ ಅಂದರೂ ಕೇಳದ ಕಿವಿ.

ಆಮೇಲೆ ನಾನು ನಿಲ್ಲಲಿಲ್ಲ. ಎರಡು ವರ್ಷ ನಾಟಕ ಆಡಿದ್ದೀಯ ಅಂದೆ. ನನ್ನ ಗಂಟಲು ಹರಿಸಿ ಒಳಗೊಳಗೇ ನಗ್ತಿದ್ದೀಯ ಅಂದೆ. ಮದುವೇಲಿ ಅವಮಾನ ಆದದ್ದೂ ನಾಟಕವೇ ಅಂದೆ. ಡಾಕ್ಟರ ಹತ್ತಿರ ನನ್ನ ಕತ್ತೆ ಮಾಡಿದೆ ಅಂದೆ. ವ್ಯಾಪಾರಿ "ಬುಡಿ ಯಜಮಾನ್ರೆ, ಹೆಂಗ್ಸು" ಅಂದ. ಬಿಡಲಿಲ್ಲ. ಮದ್ದೂರಿಂದ ಮಳವಳ್ಳಿ ತನಕ ಅಂದೆ.

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಕೂತಳು.

ಶಾಸ್ತ್ರದ ಮನೆಯಲ್ಲಿ ಒಳಕೋಣೆ ಬಿಟ್ಟು ಬರಲಿಲ್ಲ. ಬರುವಾಗ ಬಸ್ಸಿನಲ್ಲಿ ಹೆಂಗಸರ ಸೀಟಿಗೆ ಹೋಗಿ ಕೂತಳು. ಇವತ್ತು ಮುದ್ದೆ ಬಡಿಸಿದಳು. ನೋಡಲಿಲ್ಲ.

೨೫ ಅಕ್ಟೋಬರ್, ಸೋಮವಾರ

ಮಾತಿಲ್ಲ. ಅಡುಗೆ ಆಗುತ್ತೆ, ಹಸುವಿಗೆ ಮೇವು ಆಗುತ್ತೆ, ನನ್ನ ಪಂಚೆ ಒಗೆದು ಮಡಿಸಿರುತ್ತೆ. ಮಾತಿಲ್ಲ. ಹದಿನೈದು ದಿನ.

ನನಗೂ ಹಟ. ಕೇಳೋ ಕಿವಿ ಇಟ್ಟುಕೊಂಡು ಕೇಳದವಳ ಹತ್ತಿರ ನಾನೇಕೆ ಮೊದಲು...

ಚಲುವಮ್ಮನ ಕಾಗದ. "ಅಮ್ಮ ಯಾಕೆ ಹಂಗಿದ್ಲು? ಮದ್ವೆಗೆ ಬತ್ತಾಳೆ ತಾನೇ?" ಉತ್ತರ ಬರೆಯೋಕೆ ಕೂತೆ. ಹರಿದೆ.

೬ ನವೆಂಬರ್, ಶನಿವಾರ

ಗ್ರಾಮಫೋನು ಮಿಷನ್ನು ಮನೆಗೆ ಬಂತು. ಪಾಷಾ ಗಾಡಿಯಲ್ಲಿ ತಾನೇ ತಂದ. ಎರಡು ಪ್ಲೇಟು ಹಾಗೇ ಕೊಟ್ಟ, ಅಂಚು ಒಡೆದದ್ದು — ಒಂದು ನಾಗಸ್ವರ, ಒಂದು ನಾಟಕದ ಹೆಂಗಸಿನ ಹಾಡು. ಜಗಲಿ ತುಂಬ ಜನ. ಕೊಂಬು ನೋಡಿ ಮಂಚಮ್ಮ "ಏನ್ ಸಿದ್ದಯ್ಯ, ಬೆಲ್ಲದ ಕೊಪ್ಪರಿಗೆ ಮಗ್ಗುಲಿಗೆ ಕಟ್ಟವ್ರಾ?" ಅಂದಳು.

ಮುದ್ದಮ್ಮನನ್ನ ಕೊಂಬಿನ ಬಾಯಿಗೇ ಎದುರಾಗಿ ಕೂರಿಸಿದೆ. ಕೈ ಹಿಡಿದು ಕೂರಿಸಿದೆ. ಬಂದಳು. ಕೀ ಕೊಟ್ಟೆ, ಮುಳ್ಳು ಇಟ್ಟೆ.

ಏನು ದನಿ! ಕೊಟ್ಟಿಗೆಯಲ್ಲಿ ಕರು ಹಗ್ಗ ಜಗ್ಗಿತು. ಮೂರನೇ ಬೀದಿಯಿಂದ ಜನ ಬಂದರು. ಮುದ್ದಮ್ಮ ಕೊಂಬಿನೊಳಗೇ ನೋಡ್ತಾ ಕೂತಿದ್ದಳು. ಪ್ಲೇಟು ಅರ್ಧ ಆಯ್ತು. ಪಕ್ಕದಲ್ಲಿದ್ದ ಮಂಚಮ್ಮನ ತೊಡೆ ಮುಟ್ಟಿ ಮೆಲ್ಲಗೆ ಕೇಳಿದಳು — "ಸುರು ಮಾಡವ್ರಾ?"

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿ ಇತ್ತು. ಪಾಷಾ ತಲೆ ತಗ್ಗಿಸಿ ಮುಳ್ಳು ಎತ್ತಿದ.

ಇದು ನಾಟಕವಾ? ಇಷ್ಟು ಜನದ ಎದುರಿಗೆ? ಅವಳ ಮುಖ ನೋಡಿದೆನಲ್ಲ ನಾನು. ಹಾಡು ಎಲ್ಲಿಂದ ಬರುತ್ತೆ ಅಂತ ಕೊಂಬಿನ ಒಳಗೆ ಹುಡುಕ್ತಿದ್ದಳು. ಹಾಗಾದರೆ ಬಸ್ಸಿನಲ್ಲಿ?

ಏನೂ ತಿಳೀತಿಲ್ಲ. ತಲೆ ನೋವು. ಮಿಷನ್ನನ್ನ ರಾಗಿ ತುಂಬೋ ಹಗೇವಿನ ಮೂಲೆಗೆ ದೂಡಿ ಗೋಣಿ ಹೊದಿಸಿದೆ.

೨೧ ನವೆಂಬರ್, ಭಾನುವಾರ

ಆದದ್ದನ್ನ ಆದ ಹಾಗೆ ಬರೀತೀನಿ.

ಬೆಳಿಗ್ಗೆ ಮಂಚಮ್ಮ ತಂಗಿಯನ್ನ ಕರ್ಕೊಂಡು ಬಂದಳು. ಕೆರಗೋಡಿನವಳು, ಗ್ರಾಮಫೋನು ಕಂಡವಳಲ್ಲ. ಒಂದು ಪ್ಲೇಟು ಹಾಕು ಅಂತ ಜುಲುಮೆ. ಗೋಣಿ ತೆಗೆದು ಹಾಕಿದೆ. ಹಾಡು ಎರಡು ಸುತ್ತು ಬಂದಿಲ್ಲ, ಹುರಿ ಸಡಿಲವಾಗಿ ಕೊಂಬು ವಾಲಿತು. ಎರಡೂ ಕೈಯಲ್ಲಿ ಕೊಂಬು ಆತುಕೊಂಡೆ. ಬಿಟ್ಟರೆ ಕೆಳಗೆ, ಹಿಡಿದರೆ ಕಟ್ಟೋರಿಲ್ಲ. "ಕಟ್ಟಮ್ಮ" ಅಂದರೆ ಮಂಚಮ್ಮ ಮುಟ್ಟೋಕೆ ಹೆದರಿದಳು, ಕರೆಂಟು ಇದೆಯೇನೋ ಅಂತ.

ಮುದ್ದಮ್ಮ ಅಡುಗೆಮನೆಯಿಂದ ಬಂದಳು. ನನ್ನ ಮುಖ ನೋಡಲಿಲ್ಲ. ಬಗ್ಗಿದಳು, ಹುರಿ ಎಳೆದಳು. ಕೈಗೆ ಬಿಗಿ ಬರಲಿಲ್ಲ. ಹುಲ್ಲಿನ ಹೊರೆ ಕಟ್ಟುವಾಗ ಮಾಡೋ ಹಾಗೆ ಗಂಟನ್ನ ಹಲ್ಲಲ್ಲಿ ಕಚ್ಚಿ ಎಳೆದಳು. ಮರದ ಹಿಡಿಕೆ ಅವಳ ಹಲ್ಲಿಗೆ ತಾಗಿತ್ತು.

ಹಾಗೇ ನಿಂತುಬಿಟ್ಟಳು.

ಹಲ್ಲು ಸಿಕ್ಕಿಕೊಂಡಿತು ಅಂದುಕೊಂಡೆ. ಮುಂದೆ ಇರೋದೇ ಐದು, ಅದರಲ್ಲೂ ಎರಡು ಅಲ್ಲಾಡೋವು. "ಬುಡೇ, ಬುಡೇ" ಅಂದೆ. ಬಿಡಲಿಲ್ಲ. ಕಣ್ಣು ಅಗಲವಾಯ್ತು. ಆಮೇಲೆ ಮುಚ್ಚಿತು. ಹಾಡು ಓಡ್ತಾ ಇತ್ತು. ಅವಳ ಬಲಗೈ ಮಂಡಿ ಮೇಲೆ ತಟ್ಟೋಕೆ ಶುರುವಾಯ್ತು... ತಾಳಕ್ಕೆ ಸರಿಯಾಗಿ. ಒಂದೂ ತಪ್ಪಲಿಲ್ಲ.

ಪ್ಲೇಟು ಮುಗೀತು. ಮುಳ್ಳು ಕರಕರ ಅನ್ನುತ್ತಿತ್ತು, ಎತ್ತಿದೆ. ಗಂಟು ಬಿಟ್ಟು ನನ್ನ ಕಡೆ ತಿರುಗಿದಳು.

"ಯಾಕೆ ನಿಲ್ಸ್ದೆ?"

ನಲವತ್ತೆರಡು ದಿನ ಆದ ಮೇಲೆ ಮೊದಲ ಮಾತು.

ಆರು ಸಲ ಹಾಕಿದೆ. ಆರು ಸಲ ಕೀ ಕೊಟ್ಟೆ. ಆರು ಸಲವೂ ಕಚ್ಚಿಕೊಂಡೇ ಕೂತಳು, ಜೊಲ್ಲು ಸುರಿದರೂ ಸೆರಗಲ್ಲಿ ಒರೆಸಿಕೊಂಡು ಮತ್ತೆ ಕಚ್ಚೋಳು. ಮಂಚಮ್ಮನ ತಂಗಿ ಅಕ್ಕನ ಕಿವಿಯಲ್ಲಿ "ನಿಮ್ಮೂರ ಕಡೆ ಹಾಡನ್ನ ತಿಂತಾರಾ?" ಅಂದಳು.

೨೨ ನವೆಂಬರ್, ಸೋಮವಾರ, ಬೆಳಿಗ್ಗೆ ೬

ಈಗ ಹೊಳೆಯಿತು. ಹೊಳೆಯಬಾರದಿತ್ತು ಅನ್ನಿಸುತ್ತೆ. ಹಾಡು ಹಲ್ಲಿನ ದಾರಿಯಲ್ಲಿ ಒಳಗೆ ಹೋಯ್ತು, ಮುಚ್ಚಿರೋದು ಕಿವಿಯ ತೂಬು ಮಾತ್ರ.

ತೂಬಿನ ಹತ್ತಿರ ನೀರಿನ ಸದ್ದು. ಅಲ್ಲಿ ನಿಂತು ಮಾತಾಡೋರೆಲ್ಲ ಕೂಗಿಯೇ ಮಾತಾಡೋದು. ಕೂಗ್ತಿದ್ದೀವಿ ಅಂತ ನಮಗೇ ಗೊತ್ತಾಗೋದಿಲ್ಲ. ಇವಳ ಕಿವಿ ಚೆನ್ನಾಗಿದ್ದ ಕಾಲದಲ್ಲಿ ನಾನು ಮನೆಗೆ ಬಂದ ಮೇಲೂ ಹಾಗೇ ಕೂಗಿ, ಇವಳು "ಯಾಕಂಗೆ ಅರಚ್ತೀಯ, ನಾನೇನು ಆಚೆ ದಡದಲ್ಲಿವ್ನಾ" ಅಂತ ಬೈದದ್ದು ಎಷ್ಟು ಸಲ.

ಬಸ್ಸೂ ತೂಬೇ. ಗಡಗಡ ಅಂತ ಎಲ್ಲರೂ ಕೂಗ್ತಿದ್ದರು. ನಾನೂ ಕೂಗ್ತಿದ್ದೆ. ಆ ಗಡಗಡ ನಮಗೆ ಅಡ್ಡ, ಅವಳಿಗೆ ಮುಟ್ಟೋದೇ ಇಲ್ಲ. ಅವಳಿಗೆ ಮುಟ್ಟಿದ್ದು ಬರೀ ಕಿವಿ ಪಕ್ಕದಲ್ಲೇ ಕೂತು ಕೂಗಿದ ನಮ್ಮ ಕೂಗು. ಎರಡು ವರ್ಷದಲ್ಲಿ ನನ್ನ ಬಾಯಿಂದ ಅವಳಿಗೆ ಸ್ಪಷ್ಟವಾಗಿ ಕೇಳಿಸಿದ ಮೊದಲ ಮಾತು — ಮೂಟೆ.

ಮನೆಯಲ್ಲಿ ಕೂಗಿದರೆ ಬೀದಿಗೆ ಕೇಳುತ್ತೆ, ಜನ ಏನಂತಾರೆ ಅಂತ ಮೆಲ್ಲಗೆ ಮಾತಾಡ್ತಿದ್ದೆ. ಮೂರು ಸಲ ಮೆಲ್ಲಗೆ. ಅದನ್ನ ಹೋಗಿ ಗಂಟಲು ಹರಿಸಿದೆ ಅಂದೆನಲ್ಲ.

ಹಾಲು ಕರೆಯೋಕೆ ಹೋಗಬೇಕು.

೨೯ ನವೆಂಬರ್, ಸೋಮವಾರ

ಇಬ್ಬರೂ ಮಂಡ್ಯಕ್ಕೆ. ಮಿಷನ್ನು ಗಾಡಿಯಲ್ಲಿ. ಅವಳು ಮಾತಾಡ್ತಾಳೆ ಈಗ — ಕೀ ಕೊಡು, ಪ್ಲೇಟು ತಿರುಗಿಸು, ಅಷ್ಟು ಮಾತ್ರ. ಬೇರೆ ಇಲ್ಲ.

ಪಾಷಾನಿಗೆ ಎಲ್ಲ ಹೇಳಿದೆ. ಮೊದಲು ನಂಬಲಿಲ್ಲ. ಆಮೇಲೆ ತಾನೇ ಎರಡೂ ಕಿವಿ ಬೆರಳಲ್ಲಿ ಮುಚ್ಚಿ ಹಿಡಿಕೆ ಕಚ್ಚಿ ನೋಡಿದ. ಹುಬ್ಬು ಹಣೆಗೆ ಏರಿತು. "ತೋಬಾ ತೋಬಾ! ಇಷ್ಟು ವರ್ಷ ರಿಪೇರಿ ಮಾಡೀನಿ, ಒಂದು ದಿನ ಕಚ್ಚಿ ನೋಡಿಲ್ಲ."

ಮತ್ತೆ ಮೊದಲಿಂದ ಆರಿಸೋದು. ಈ ಸಲ ಆರಿಸಿದ್ದು ಅವಳು. ಕೊಂಬು ಕಿತ್ತು ಪಕ್ಕಕ್ಕಿಟ್ಟ. ಪೆಟ್ಟಿಗೆಯ ಹಲಗೆಗೆ ಒಂದೊಂದೇ ಮರದ ತೆಳು ಪಟ್ಟಿ ಸಿಕ್ಕಿಸಿ ಇನ್ನೊಂದು ತುದಿ ಅವಳ ಹಲ್ಲಿಗೆ ಕೊಟ್ಟ. ಮಾವು — "ಮಣ್ಣು ಅಗಿದಂಗೆ ಅದೆ." ಬಿದಿರು — "ಜೀರುಂಡೆ." ಹಲಸು — ತಲೆ ಆಡಿಸಿದಳು, ಪರವಾಗಿಲ್ಲ. ತೇಗ ಕಚ್ಚಿದಳು. ಪ್ಲೇಟು ಮುಗಿಯೋ ತನಕ ಬಿಡಲಿಲ್ಲ.

ಸೌಂಡ್ ಬಾಕ್ಸೂ ಬದಲಾಯ್ತು. ಅಲ್ಯೂಮಿನಿಯಮ್ಮು ಹಲ್ಲು ಜುಮ್ಮೆನ್ನಿಸುತ್ತಂತೆ, ಹುಣಿಸೆ ತಿಂದ ಹಾಗೆ. ಕಾಗೆಬಂಗಾರದ್ದೇ ಬೇಕಂತೆ. ಸುಲ್ತಾನ್ ಬೀ ಪರದೆ ಸರಿಸಿ ಹೊರಗೇ ಬಂತು — "ನಾನು ಅವತ್ತೇ ಹೇಳ್ಲಿಲ್ವಾ?" ಬೊಚ್ಚುಬಾಯಿ ತೋರಿಸಿ ನಕ್ಕಿತು. "ನಂಗೆ ಕಿವಿ ಅದೆ, ಹಲ್ಲಿಲ್ಲ. ಅವ್ಳಿಗೆ ಹಲ್ಲದೆ, ಕಿವಿ ಇಲ್ಲ. ಇಬ್ರೂ ಸೇರಿ ಒಂದು ಹೆಂಗ್ಸು!"

ಇದನ್ನ ಮುದ್ದಮ್ಮನಿಗೆ ಹೇಗೆ ಹೇಳೋದು? ಪಾಷಾ ತೇಗದ ಪಟ್ಟಿ ಕಿತ್ತ. ಒಂದು ತುದಿ ತನ್ನ ಗಂಟಲ ಮಣಿಗೆ ಒತ್ತಿಕೊಂಡ, ಇನ್ನೊಂದನ್ನ ಅವಳ ಹಲ್ಲಿಗೆ ಕೊಟ್ಟ. ಸುಮ್ಮನೆ ಮಾತಾಡೋ ದನಿಯಲ್ಲೇ, ತಾಯಿ ಅಂದದ್ದನ್ನ ಹಾಗೇ ಅಂದ.

ಮುದ್ದಮ್ಮ ಪಟ್ಟಿ ಬಾಯಿಂದ ತೆಗೆದು ಗಹಗಹಿಸಿ ನಕ್ಕಳು. "ಆದ್ರೆ ಆ ಒಂದು ಹೆಂಗ್ಸಿಗೆ ಗಂಡ ಯಾರು? ಇವ್ನೇ ಆದ್ರೆ ನನ್ಗೆ ಬ್ಯಾಡ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮೀಸೆ ಕೆಳಗೆ ಉಪ್ಪು.

ಕೊಂಬು ವಾಪಸ್ಸು ತಗೊಂಡು ಪಾಷಾ ತೇಗದ ಪೆಟ್ಟಿಗೆ ಮಾಡಿಕೊಡ್ತಾನೆ, ಒಂದು ಡಬ್ಬಿ ಹೊಸ ಮುಳ್ಳೂ. ಮೇಲೆ ಏನೂ ಕೊಡಬೇಕಿಲ್ಲ ಅಂದ. ಮಾತಿನ ಪಟ್ಟಿ ಬೇರೆ ಒಂದು, ಮೊಳದುದ್ದ, ತುದಿ ನುಣುಪಾಗಿ ಉಜ್ಜಿ ಕೊಟ್ಟ. "ಇದು ನಿಮ್ಗೆ ಅಣ್ಣ. ಇದ್ಕೆ ಕೀ ಕೊಡೋ ಹಂಗಿಲ್ಲ."

೪ ಡಿಸೆಂಬರ್, ಶನಿವಾರ

ಪಟ್ಟಿ ಗೂಡಿನಲ್ಲಿದೆ. ಐದು ದಿನ.

ಮಂಚಮ್ಮ ಬಂದು ಬಳಸ್ತಾಳೆ. ಒಂದೊಂದು ಗಂಟೆ ಅಮರಿಕೊಂಡು ಕೂತು ಊರಿನ ಎರಡು ವರ್ಷದ ಸುದ್ದಿಯನ್ನೆಲ್ಲ ಗಂಟಲಿಂದ ಇಳಿಸ್ತಾಳೆ. ನಿನ್ನೆ ಇಬ್ಬರೂ ಪದ ಹೇಳಿ ನೋಡಿದರು. ಮಂಚಮ್ಮ ಹಿಂದೆ ಹೇಳೋದು, ಇವಳು ಕಚ್ಚಿ ಕೇಳೋದು, ಬಿಟ್ಟು ಎತ್ತೋದು. ಸರಿಯಾಗಿ ಬಂತು. ನಾನು ಕೊಟ್ಟಿಗೆಯಲ್ಲಿ ನಿಂತೇ ಕೇಳಿದೆ. ಸಗಣಿ ಬುಟ್ಟಿ ಕೈಯಲ್ಲೇ ಇತ್ತು.

ನಾನು ಮಾತ್ರ ಪಟ್ಟಿ ಮುಟ್ಟಿಲ್ಲ. ಮುಟ್ಟಿದರೆ ಮೊದಲ ಮಾತು ಬಸ್ಸಿನದ್ದೇ ಆಗಬೇಕು. ನೀರು ಕೊಡು, ಉಪ್ಪು ಕಮ್ಮಿ, ಹಂಗಂತ ಶುರು ಮಾಡೋಕಾಗುತ್ತಾ?

ಚಲುವಮ್ಮನಿಗೆ ಬರೀಬೇಕು. ಅಮ್ಮ ಬರ್ತಾಳೋ ಇಲ್ಲವೋ, ಕೇಳಿಲ್ಲ. ಕೇಳೋ ಮುಖ ಇಲ್ಲ.

೯ ಡಿಸೆಂಬರ್, ಗುರುವಾರ

ಇವತ್ತೂ ಇಲ್ಲ. ಪಟ್ಟಿ ಕೈಗೆ ತಗೊಂಡೆ. ಅವಳು ಅವರೆಕಾಯಿ ಸುಲೀತಾ ಇದ್ದಳು. ತಲೆ ಎತ್ತಿ ನೋಡಿದಳು, ಕಾದಳು. ಹಲ್ಲಿ ಓಡಿಸೋ ಹಾಗೆ ಗೋಡೆಗೆ ಎರಡು ಸಲ ಕುಟ್ಟಿ ಮತ್ತೆ ಗೂಡಿಗಿಟ್ಟೆ.

ಅರವತ್ಮೂರು ವರ್ಷ ನನಗೆ.

೧೪ ಡಿಸೆಂಬರ್, ಮಂಗಳವಾರ

ಊಟ ಆದ ಮೇಲೆ ಅವಳೇ ಪಟ್ಟಿ ತಂದಳು. ಎದುರಿಗೆ ಕೂತಳು. ಒಂದು ತುದಿ ಕಚ್ಚಿಕೊಂಡು ಇನ್ನೊಂದನ್ನ ನನ್ನ ಗಂಟಲಿಗೆ ಚುಚ್ಚಿದಳು. ಚುಚ್ಚಿದಳು ಅಂದರೆ ಚುಚ್ಚಿದಳೇ, ಕೆಮ್ಮು ಬಂತು. ಕೆಮ್ಮಿದ್ದು ಹಲ್ಲಿಗೆ ಬಡಿದು ಅವಳೂ ಮುಖ ಹಿಂಡಿದಳು.

ಪಟ್ಟಿಯ ತುದಿಯನ್ನ ಗಂಟಲ ಮಣಿಗೆ ಸರಿಯಾಗಿ ಹೊಂದಿಸಿಕೊಂಡೆ.

"ತಪ್ಪಾಯ್ತು ಕಣೇ" ಅಂದೆ.

ಪಟ್ಟಿ ತೆಗೆದಳು. "ಇನ್ನೊಂದ್ಕಿತ ಅನ್ನು." ಕಚ್ಚಿಕೊಂಡಳು.

ಅಂದೆ.

"ಇನ್ನೊಂದ್ಕಿತ."

ಮತ್ತೂ ಅಂದೆ. ಕೇಳಿಸ್ತಿಲ್ವೇನೋ ಅಂತ ಗಟ್ಟಿಯಾಗಿ ಒತ್ತಿ ಅಂದೆ. ಅವಳು ಪಟ್ಟಿ ತೆಗೆದು ಸೆರಗಲ್ಲಿ ಒರೆಸಿದಳು.

"ಮೊದ್ಲುದೇ ಕೇಳಿಸ್ತು."

"ಮತ್ತೆ?"

"ಬಸ್ನಲ್ಲಿ ಒಂದ್ಕಿತ ಅಂದ್ಯಾ ನೀನು? ಮದ್ದೂರಿಂದ ಮಳವಳ್ಳಿ ಗಂಟ ಅಂದೆ. ಅಷ್ಟುದ್ದ ಇದೂ ಅನ್ನು."

ನನಗೆ ನಗು ಬಂತು. ಅವಳು ನಗಲಿಲ್ಲ. ಕಣ್ಣು ತುಂಬಿತ್ತು. ನಾಟಕ ಅಂದದ್ದಕ್ಕೆ ಒಂದು, ಡಾಕ್ಟರ ಮಾತಿಗೆ ಒಂದು, ಪಟೇಲರ ಮದುವೆ ಮಾತು ಎತ್ತಿದ್ದಕ್ಕೆ ಒಂದು. ಒಂದೊಂದನ್ನೂ ಹೆಸರು ಹೇಳಿ ಕೇಳಿದಳು. ಎಲ್ಲಾ ನೆನಪಿದೆ ಅವಳಿಗೆ. ನನಗೆ ಅರ್ಧ ಮರೆತಿತ್ತು. ಅಲ್ಲಿಗೆ ನಿಲ್ಲಿಸಿದೆ.

"ಸಣ್ಣತಾಯಿ ಮದ್ವೆಗೆ ಬತ್ತೀಯಾ?" ಅಂದೆ.

"ನೀನು ಮೊದ್ಲು ಮಳವಳ್ಳಿ ಮುಟ್ಟು. ಆಮೇಲೆ ನೋಡುವಾ." ಪಟ್ಟಿ ತೊಳೆದು ಗೂಡಿಗಿಟ್ಟಳು. "ಇವತ್ತಿಗೆ ಮದ್ದೂರು ಬುಟ್ಟಿದ್ದೀಯ ಅಷ್ಟೆ."

೧೭ ಡಿಸೆಂಬರ್, ಶುಕ್ರವಾರ, ಬೆಳಿಗ್ಗೆ

ದಿನಾ ಊಟ ಆದ ಮೇಲೆ ಕೂರಿಸ್ಕೊಳ್ತಾಳೆ. ನಿನ್ನೆ ಕಾಳಮುದ್ದನದೊಡ್ಡಿ ದಾಟಿತಂತೆ. ಮೂಟೆ ಮಾತು ಇನ್ನೂ ಎತ್ತಿಲ್ಲ ಅವಳು. ಕೊನೆಗೆ ಇಟ್ಟುಕೊಂಡಿದ್ದಾಳೆ ಅಂತ ಕಾಣುತ್ತೆ. ಅದಕ್ಕೆ ಬರೀ ತಪ್ಪಾಯ್ತು ಅಂದರೆ ಸಾಲದು. ಏನನ್ನಬೇಕು ಅಂತ ಬೆಳಗಿನಿಂದ ಇಲ್ಲೇ ಬರೆದು ನೋಡ್ತಿದ್ದೀನಿ, ಒಂದೂ ಸರಿಯಾಗ್ತಿಲ್ಲ, ಎರಡು ಹಾಳೆ ಹೊಡೆದು ಹಾಕಿದೆ —

ಕರೀತಾವ್ಳೆ. ಇನ್ನೂ ಊಟದ ಹೊತ್ತೇ ಆಗಿಲ್ಲ. ಪಟ್ಟಿ ಹಿಡ್ಕೊಂಡು ಬಾಗಿಲಲ್ಲೇ ನಿಂತವ್ಳೆ. ಅವಳೇ ಏನೋ ಹೇಳಬೇಕಂತೆ, ನಾನು ಕಚ್ಚಬೇಕಂತೆ. ನನಗೆ ಕಿವಿ ಕೇಳುತ್ತಲ್ಲೇ ಅಂತ ಕಿವಿ ಮುಟ್ಟಿ ತೋರಿಸಿದರೆ, ಕಿವಿ ಇದ್ರೂ ಎಂದಾದ್ರೂ ಕೇಳಿದ್ದೀಯಾ ನೀನು, ಬಾ ಅಂತಾಳೆ.